ಬೇಚರಾಕ್

ಸಾತನೂರಿನ ಆಚೆ ಹುಣಸೆಪಾಳ್ಯ ಅಂತ ಒಂದು ಊರು ಹಳೇ ಸರ್ವೆ ನಕ್ಷೆಯಲ್ಲಿದೆ, ನೆಲದ ಮೇಲಿಲ್ಲ. ಹೆಸರಿನ ಪಕ್ಕ ‘ಬೇಚರಾಕ್’ ಎಂದಿದೆ. ಜನ ಇಲ್ಲದ ಊರಿಗೆ ಹಾಗೆ ಬರೆಯುತ್ತಿದ್ದರು.

“ಅದು ನಮ್ಮ ಮಾತು, ಮೇಷ್ಟ್ರೇ. ಬೇ-ಚಿರಾಗ್. ದೀಪ ಇಲ್ದಿರೋದು” ಅಂದ ವಹಾಬ್. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯೋ ಅವನಿಗೂ ನನಗೂ ನಕ್ಷೆ ಹಿಡಿದು ಊರು ಹುಡುಕೋ ಹುಚ್ಚು.

ಎಂಬತ್ತೆಂಟರ ಬೇಸಿಗೆಯಲ್ಲಿ ಹೋದೆವು. ಹಿಪ್ಪುನೇರಳೆ ಸೊಪ್ಪು ಕುಯ್ಯುತ್ತಿದ್ದ ಅಜ್ಜಿಯ ಹತ್ತಿರ ಗುಡ್ಡದ ಹಿಂದಕ್ಕೆ ದಾರಿ ಕೇಳಿದೆವು, ಅಷ್ಟೇ.

ಮಟಮಟ ಮಧ್ಯಾಹ್ನ. ಲಂಟಾನದ ನಡುವೆ ಆಳೆತ್ತರದ ಒಂದೇ ಗೋಡೆ, ಅದರಲ್ಲೊಂದು ದೀಪದ ಗೂಡು. ಹತ್ತಿರ ಹೋಗುವಾಗ ಗೋಡೆಯಾಚೆ ಹೆಂಗಸಿನ ದನಿ ಮೆಲ್ಲಗೆ ಅಂದಿತು:

“ದೀಪ ದೊಡ್ಡದು ಮಾಡವ್ವಾ, ಅಳೆಯೋರು ಬಂದವ್ರೆ.”

ನಮ್ಮಲ್ಲಿ ದೀಪ ಆರಿಸು ಅನ್ನಬಾರದು, ದೊಡ್ಡದು ಮಾಡು ಅನ್ನಬೇಕು.

ಆಚೆ ಹೋಗಿ ನೋಡಿದರೆ ಬರೀ ಕಳ್ಳಿ. ಆದರೆ ಹರಳೆಣ್ಣೆಯ ವಾಸನೆ, ಈಗಷ್ಟೇ ಆರಿದ ಬತ್ತಿಯ ಕಮಟು. ಬಿಸಿಲೇ ಬೀಳದ ಗೂಡಿನೊಳಗೆ ವಹಾಬ್ ಬೆರಳಿಟ್ಟವನು ಥಟ್ಟನೆ ಹಿಂದಕ್ಕೆಳೆದುಕೊಂಡ. ಸುಟ್ಟಿತ್ತು, ತುದಿಗೆ ಮಸಿ ಹತ್ತಿತ್ತು.

ಗುಡ್ಡ ಇಳಿಯುವಾಗ ಒಂದೇ ಯೋಚನೆ. ಆ ಊರು ನಿಜಕ್ಕೂ ಖಾಲಿಯಾಗಿತ್ತೋ, ಅಳೆಯೋರು ಬಂದಾಗಲೆಲ್ಲ ಕಂದಾಯಕ್ಕೆ ಹೆದರಿ ಕತ್ತಲಲ್ಲಿ ಕೂತಿತ್ತೋ, ನಕ್ಷೆಗೆ ಹೇಗೆ ಗೊತ್ತಾಗಬೇಕು?

“ಯಾರೂ ಇರ್ನಿಲ್ಲ ಅಲ್ವಾ?” ಕೆಳಗೆ ಸೊಪ್ಪಿನ ತೋಟದಲ್ಲೇ ಇದ್ದ ಅಜ್ಜಿ ಕೇಳಿತು.

ವಹಾಬ್ ಬೆರಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, “ಇಲ್ಲಮ್ಮ” ಅಂದ.

“ಹಂಗೇ ಬರ್ಕಳಿ” ಅಂದಿತು ಅಜ್ಜಿ.

ಅಜ್ಜಿಯ ಮುಂದೆ ನಕ್ಷೆ ಚೀಲದಿಂದ ಆಚೆ ಬಂದೇ ಇರಲಿಲ್ಲ.