ಹನ್ನೊಂದನೇ ಪೆಟ್ಟಿಗೆಯ ಸಿಳ್ಳೆ

"ಸಿಳ್ಳೆ ಹಾಕಬೇಡ್ರೀ, ಇದೇನು ಬಸ್ ಸ್ಟ್ಯಾಂಡಾ?"

ಅವನಿಗೆ ನಾನಾಡಿದ ಮೊದಲ ಮಾತು ಅದು. ಲ್ಯಾಬಿಗೆ ಹೊಸಬ. ಹೊರಗಿನ ಸದ್ದು ತಾಗದ ಹನ್ನೊಂದನೇ ಪೆಟ್ಟಿಗೆ ತೆರೆದು ಫಿಂಚ್ ಹಕ್ಕಿಯ ಮರಿಗೆ ಕಾಳು ಹಾಕುತ್ತಿದ್ದ. ಹಾಡನ್ನೇ ಕೇಳದೆ ಬೆಳೆಯಬೇಕಾದ ಮರಿ. ಹಾಡು ಕೇಳಿದ ಹಕ್ಕಿಯ ಮಿದುಳಿನಲ್ಲಿ ಯಾವ ಜೀನ್ ಎಚ್ಚರಗೊಳ್ಳುತ್ತದೆ, ಕೇಳದ ಹಕ್ಕಿಯಲ್ಲಿ ಯಾವುದು ಮಲಗೇ ಇರುತ್ತದೆ ಎಂದು ಹೋಲಿಸುವುದು ನಮ್ಮ ಕೆಲಸ.

"ಸಾರಿ ಮೇಡಂ, ಅಭ್ಯಾಸ ಆಗ್ಬಿಟ್ಟಿದೆ," ಎಂದ.

ಮರುದಿನ ಬೆಳಿಗ್ಗೆ ಕಾಳು ಹಾಕುವಾಗಲೂ ಮೂರು ಸ್ವರ ಹೊರಟವು. ತಲೆಯೆತ್ತಿ ಗುರಾಯಿಸಿದೆ. ಥಟ್ಟನೆ ನಿಲ್ಲಿಸಿ, ತುಟಿ ಬಿಗಿಹಿಡಿದು ನಕ್ಕ. ಕ್ಷಣ ಬಿಟ್ಟು ನಾಲ್ಕನೆಯದನ್ನು ಮೆಲ್ಲಗೆ ಮುಗಿಸಿದ.

ಆಮೇಲೆ ದಿನವೂ ಅದೇ. ಮೂರು ಸ್ವರ, ನನ್ನ ನೋಟ, ಒಂದು ಸ್ವರ.

"ಒಂದೇ ಹಾಡು ಪದೇ ಪದೇ ಕೇಳಿದ್ರೆ ಆ ಜೀನ್ ಸುಮ್ಮನಾಗುತ್ತಂತೆ. ನಿಮ್ಮ ಸಿಟ್ಟು ಮಾತ್ರ ಇಳಿಯಲ್ವಲ್ಲ!" ಎಂದ ಒಂದು ದಿನ.

"ಇಳಿದ್ರೆ ನೀವು ಸಿಳ್ಳೆ ನಿಲ್ಲಿಸಿಬಿಡ್ತೀರಲ್ಲ."

ಬಾಯಿ ತಪ್ಪಿ ಬಂದಿತ್ತು. ಅವನ ಕಿವಿಗಳು ಕೆಂಪಾದವು.

ಹಕ್ಕಿ ಏನು ಕೇಳಿಸಿಕೊಂಡಿತೆಂದು ದಾಖಲೆ ಪುಸ್ತಕದಲ್ಲಿ ಬರೆಯಬೇಕಾದವಳು ನಾನು. ಬರೆಯಲಿಲ್ಲ. ಮದುವೆಯಾದೆವು. ಲ್ಯಾಬಿನಲ್ಲಿ ನನ್ನನ್ನು ಬೇರೆ ಕೋಣೆಗೆ ಹಾಕಿದರು.

ಮದುವೆಯಾದ ಏಳನೇ ತಿಂಗಳಲ್ಲಿ, ರಸ್ತೆಯ ತಿರುವೊಂದರಲ್ಲಿ, ಅವನು ಹೋದ.

ಸಂತಾಪದ ಮಾತು ಕೇಳಿ ಕೇಳಿ ನನ್ನೊಳಗೂ ಏನೋ ಸುಮ್ಮನಾಯಿತು. "ಒಂದ್ಸಲ ಅತ್ತುಬಿಡಮ್ಮಾ," ಎನ್ನುತ್ತಿದ್ದರು ಅತ್ತೆ. ಅಳು ಬರಲಿಲ್ಲ. ಕೆಲಸಕ್ಕೆ ಮರಳಿದೆ.

ಅವನ ಪ್ರಬಂಧ ಅರ್ಧಕ್ಕೆ ನಿಂತಿತ್ತು. "ಹಾಡು ಕೇಳದ ಹಕ್ಕಿಗಳಲ್ಲಿ ಉಳಿದಿರೋದು ಹನ್ನೊಂದನೇ ಪೆಟ್ಟಿಗೆಯದು ಮಾತ್ರ," ಎಂದರು ನಮ್ಮ ಪ್ರೊಫೆಸರ್ ಮೇಡಂ. "ನಾಳೆ ಅದರ ಮಿದುಳು ತೆಗೆದು ಜೀನ್ ಸೀಕ್ವೆನ್ಸಿಂಗಿಗೆ ಕೊಟ್ರೆ ಪೇಪರ್ ಮುಗೀತು. ಮೊದಲ ಹೆಸರು ಅವನದೇ."

ಬೆಳಿಗ್ಗೆ ಪೆಟ್ಟಿಗೆ ತೆರೆದೆ. ದೊಡ್ಡದಾದ ಮೇಲೆ ಅದರ ಹಾಡನ್ನು ನಾನು ಕೇಳಿರಲೇ ಇಲ್ಲ. ಹಕ್ಕಿ ಕತ್ತು ವಾರೆ ಮಾಡಿ ಹಾಡಿತು. ಮೂರು ಸ್ವರ. ಮೌನ. ಒಂದು ಸ್ವರ.

ಆ ಮೌನ, ನಾನು ತಲೆಯೆತ್ತಿ ನೋಡುತ್ತಿದ್ದಷ್ಟೇ ಉದ್ದವಿತ್ತು.

"ಮೇಡಂ, ಹನ್ನೊಂದನೇದು ಸಿಳ್ಳೆ ಕೇಳಿ ಬೆಳೆದಿದೆ. ಅವರು ಹಾಕ್ತಿದ್ರು. ನಾನು ಬರೀಲಿಲ್ಲ," ಎಂದೆ ಪ್ರೊಫೆಸರಿಗೆ.

ಪ್ರೊಫೆಸರ್ ಕನ್ನಡಕ ತೆಗೆದರು. "ಇದನ್ನು ಕೈಬಿಟ್ರೆ ಪೇಪರ್ ಇಲ್ಲಿಗೇ ನಿಲ್ಲುತ್ತೆ ಕಣಮ್ಮ. ಅವನ ಹೆಸರು ಎಲ್ಲೂ ಬರಲ್ಲ."

"ಗೊತ್ತು."

"ನಿನ್ನ ಮೇಲೂ ಮಾತು ಬರುತ್ತೆ."

"ಬರಲಿ ಮೇಡಂ."

ಅವರು ದಾಖಲೆ ಪುಸ್ತಕವನ್ನು ನನ್ನ ಕಡೆ ತಳ್ಳಿದರು. ಬರೆದೆ. ನಮ್ಮ ಪ್ರೀತಿಯ ಬಗ್ಗೆ ಎಲ್ಲಿಯಾದರೂ ಬರೆದಿಟ್ಟದ್ದು ಅಷ್ಟೇ: 'ಪ್ರತಿದಿನ, ಬೆಳಿಗ್ಗೆ, ಸಿಳ್ಳೆ.'

ಪ್ರಯೋಗಕ್ಕೆ ಬಾರದ ಹಕ್ಕಿಯನ್ನು ರುಜು ಹಾಕಿ ಮನೆಗೆ ತಂದೆ. ಅಡುಗೆಮನೆಯ ಕಿಟಕಿಯ ಬಳಿ ಪಂಜರವಿಟ್ಟು ತರಕಾರಿ ಹೆಚ್ಚಲು ಕೂತೆ.

ಮೂರು ಸ್ವರ ಬಂದವು.

ಎಂದಿನಂತೆ ಗುರಾಯಿಸಲು ತಲೆಯೆತ್ತಿದೆ. ಕಣ್ಣು ತುಂಬಿ ಪಂಜರವೇ ಕಾಣಲಿಲ್ಲ. ಅತ್ತೆ ಬಂದು ನನ್ನ ಕೈಯಿಂದ ಚಾಕು ತೆಗೆದುಕೊಂಡರು.

ಆಗ ನಾಲ್ಕನೆಯದು, ಮೆಲ್ಲಗೆ.