ಟೈಲರ್ ಕೇಳಿದ ಪ್ರಶ್ನೆ

ಊರನ್ನೆಲ್ಲ ನಗಿಸುವ ಆ ರೈಟರ್‌ಗೆ ತನ್ನ ಮನಸ್ಸಿನ ಮಾತು ಹೇಳಲು ಮಾತ್ರ ನಾಲಿಗೆ ಹೊರಳುತ್ತಿರಲಿಲ್ಲ. ಅವನ ಕಾಮಿಡಿ ಸೀರಿಯಲ್ ಮನೆಮನೆಯಲ್ಲೂ ಓಡುತ್ತಿತ್ತು. ಪ್ರತಿ ಜೋಕಿನ ಬೆನ್ನಿಗೆ ರೆಕಾರ್ಡ್ ಮಾಡಿಟ್ಟ ನಗು ಸೇರಿಸುವವಳು ಅವಳು, ಸೀರಿಯಲ್ಲಿನ ಎಡಿಟರ್.

"ಇದಕ್ಕೆಷ್ಟು ನಗು ಹಾಕ್ಲಿ, ಸಾಹೇಬ್ರೆ?" ಎಂದು ಓರೆಗಣ್ಣಲ್ಲಿ ಕೇಳುವಳು.

"ನೀವು ನಕ್ಕಷ್ಟು," ಅನ್ನುವನು.

ಅವಳು ತುಟಿ ಕಚ್ಚಿ ನಗು ತಡೆಯುವಳು. ಕೆನ್ನೆಯ ಗುಳಿ ಮಾತ್ರ ಅವಳ ಮಾತು ಕೇಳುತ್ತಿರಲಿಲ್ಲ. ಆ ಗುಳಿಗಾಗಿಯೇ ಅವನು ಹಗಲೆಲ್ಲ ತಲೆ ಕೆರೆದುಕೊಂಡು ಬರೆಯುತ್ತಿದ್ದ.

ಕೊನೆಗೊಮ್ಮೆ ಧೈರ್ಯ ಮಾಡಿದ. ಅದೆಂಥ ಧೈರ್ಯವೋ, ತನ್ನ ಮಾತನ್ನು ಸೀರಿಯಲ್ಲಿನ ಪೆದ್ದ ಟೈಲರ್ ಪಾತ್ರದ ಬಾಯಿಗೆ ತುರುಕಿದ: "ನಿಮ್ಮ ಕೆನ್ನೆ ಗುಳಿ ನೋಡದ ದಿನ ನಂಗೆ ಊಟ ಸೇರಲ್ಲ. ನನ್ನ ಮದುವೆ ಆಗ್ತೀರಾ?" ಅವಳಿಗೆ ಅರ್ಥವಾಗದೆ ಇರುತ್ತದೆಯೇ ಎಂದುಕೊಂಡ.

ಎಪಿಸೋಡ್ ಟಿವಿಯಲ್ಲಿ ಬಂದಾಗ ಅಮ್ಮನ ಪಕ್ಕ ಉಸಿರು ಬಿಗಿಹಿಡಿದು ಕೂತಿದ್ದ. ಆ ಮಾತಿನ ಮೇಲೆ ಗೊಳ್ಳೆಂದು ನಗು ಬಿತ್ತು. ಇಡೀ ಸೀರಿಯಲ್ಲಿನಲ್ಲೇ ಅಷ್ಟು ಜೋರು ನಗು ಎಂದೂ ಬಿದ್ದಿರಲಿಲ್ಲ. ಅಮ್ಮನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವನ ಮುಖ ಹುಳ್ಳಗಾಯಿತು. ಉತ್ತರ ಸಿಕ್ಕಿತು ಎಂದುಕೊಂಡವನು ಮತ್ತೆ ಎಡಿಟಿಂಗ್ ರೂಮಿನ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಮಾತು ಮಾರಿ ಬದುಕುವವನೇ ಮಾತು ಬೇಕಾದ ಕಡೆ ಮೂಕನಾದರೆ ಯಾರೇನು ಮಾಡಲಿ?

ವರ್ಷ ಕಳೆಯುವ ಹೊತ್ತಿಗೆ ಅವಳಿಗೆ ಬೇರೆ ಕಡೆ ಮದುವೆ ಗೊತ್ತಾಯಿತು. ಅವಳು ಕೆಲಸ ಬಿಡುವ ದಿನ ಅವನು ಹೋಗಿ ಅವಳ ರೂಮಿನ ಬಾಗಿಲಲ್ಲಿ ನಿಂತ. ಅವಳು ಹೆಡ್‌ಫೋನಿನ ವೈರ್ ಸುತ್ತುತ್ತಿದ್ದಳು.

"ಟೈಲರ್ ಕೇಳಿದ್ದು ನನ್ನನ್ನೇ ಅಂತ ಗೊತ್ತಿತ್ತು," ಎಂದಳು, ತಲೆ ಎತ್ತದೆ.

"ಮತ್ತೆ ಅಷ್ಟು ನಗು ಯಾಕೆ ಹಾಕಿದ್ರಿ?"

"ಡೈರೆಕ್ಟರ್ ಪಕ್ಕದಲ್ಲೇ ಕೂತಿದ್ರು. ನಂಗೆ ಅಳು ಬಂದುಬಿಡ್ತು. ಅವರಿಗೆ ಕೇಳಿಸಬಾರದು ಅಂತ ನಗು ಜೋರು ಮಾಡ್ದೆ. ಕಮ್ಮಿ ಮಾಡೋಷ್ಟರಲ್ಲಿ ಎಪಿಸೋಡ್ ಚಾನೆಲ್‌ಗೆ ಕಳಿಸಿಬಿಟ್ರು." ಸುತ್ತಿದ ವೈರನ್ನು ಮೇಜಿನ ಮೇಲಿಟ್ಟು ಹೇಳಿದಳು: "ಮಾರನೇ ದಿನ ನೀವೇ ಬಂದು ಕೇಳ್ತೀರಿ ಅಂತ ಕಾದೆ. ಆಮೇಲೂ ತುಂಬಾ ದಿನ ಕಾದೆ."

ಅವನ ಎದೆ ಒಡೆದುಹೋಯಿತು. ಏನಾದರೂ ತಮಾಷೆ ಹೇಳಿ ಪಾರಾಗೋಣವೆಂದು ಬಾಯಿ ತೆರೆದ. ಒಂದು ಜೋಕೂ ಹೊಳೆಯಲಿಲ್ಲ.

"ನೀವಂದ್ರೆ ನಂಗೆ ತುಂಬಾ ಇಷ್ಟ," ಎಂದ.

"ಗಂಡಿನ ಕಡೆಯವರಿಗೆ ಮಾತು ಕೊಟ್ಟಾಗಿದೆ, ಸಾಹೇಬ್ರೆ. ಒಳ್ಳೆಯವರು."

ಹೊರಡುವಾಗ ಅವನ ಸಮಾಧಾನಕ್ಕೆಂದು ಅವಳು ನಕ್ಕಳು. ಕೆನ್ನೆಯಲ್ಲಿ ಗುಳಿ ಬೀಳಲಿಲ್ಲ.