ಹೊಸ್ತಿಲು ದಾಟಿದ ಮುಖ

"ಫೋಟೊ ತೆಗೀರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಅದು ನಮ್ಮ ಹೊಸ್ತಿಲು ದಾಟಬಾರದ್ರಿ ಸಾಹೇಬ್ರ," ಎಂದಳು ಶರಣಬಸಮ್ಮ. "ನಮ್ಮ ಮನಿಗಿ ಮಾಟ ಮಾಡ್ಯಾರ. ಹಿರಿಮಗಳ ಫೋಟೊ ಒಬ್ಬವ ಒಯ್ದ. ಅದರ ಹಿಂದ ಆಕಿ ಉಸುರೂ ಹೋಯ್ತು."

ಸೃಜನ್ ನಕ್ಕ. ಬೆಂಗಳೂರಿನಿಂದ ಮುಂಬೈ ಬಳಿಯ ಖಾರಘರಕ್ಕೆ ಹೊಸದಾಗಿ ಬಂದಿದ್ದ ಅವನು, ತೆಗೆದ ಕೂಡಲೇ ಚಿತ್ರ ಹೊರಹಾಕುವ ಕ್ಯಾಮೆರಾ ಹಿಡಿದು, ಪ್ರದರ್ಶನವೊಂದಕ್ಕಾಗಿ ಕೂಲಿಕಾರರ ಮುಖಗಳನ್ನು ಕೂಡಿಹಾಕುತ್ತಿದ್ದ. ಠಾಕುರ್ಲಿಯ ಹಳಿಯ ಹಿಂದಿನ ಈ ತಗಡಿನ ಖೋಲಿಗೆ ಅವನನ್ನು ಎಳೆದು ತಂದದ್ದು ಕಿರಿಮಗಳು ಅನಸೂಯಾಳ ಕಣ್ಣುಗಳು.

"ಮಾಟಗಾರರೂ ಫಿಲ್ಮ್ ಕೊಳ್ತಿದಾರಾ ಅಮ್ಮ? ಅದಕ್ಕೇ ಅಂಗಡೀಲಿ ಸಿಗ್ತಿಲ್ಲ."

"ನಗಬ್ಯಾಡ್ರಿ. ಇಬತ್ತಿ ಮುಟ್ಟಿ ಮಾತು ಕೊಡ್ರಿ."

ಅವನು ವಿಭೂತಿ ಮುಟ್ಟಿ ಮಾತು ಕೊಟ್ಟ. ಮಗು ಅವನನ್ನು ನಂಬಿ ನೇರವಾಗಿ ನೋಡಿತು. ಅಂಥ ನೋಟ ಮತ್ತೆ ಸಿಗದೆಂದು ಅವನಿಗೆ ಆ ಕ್ಷಣವೇ ತಿಳಿಯಿತು. ಆ ಫಿಲ್ಮಿಗೆ ನೆಗೆಟಿವ್ ಇಲ್ಲ. ಇರುವುದು ಒಂದೇ ಪ್ರತಿ. "ಛೆ, ಹಾಳಾಯ್ತು" ಎಂದು ಸುಳ್ಳು ಹೇಳಿ, ಇನ್ನೂ ಬಣ್ಣ ಮೂಡದ ಚಿತ್ರವನ್ನು ಅಂಗಿಯ ಜೇಬಿಗೆ ಸೇರಿಸಿದ. ಇನ್ನೊಂದು ತೆಗೆದು ತಾಯಿಯ ಕೈಗಿತ್ತ. ಅವಳು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೈಮುಗಿದಳು.

ಠಾಣೆ ಊರಿನತ್ತ ಹೊರಟ ಲೋಕಲ್ ರೈಲಿನಲ್ಲಿ, ಜನರ ಬೆವರಿನ ನಡುವೆ, ಕೂದಲು ಸುಟ್ಟ ನಾತ ಬಂತು. ಎದೆಯ ಮೇಲೆ ಏನೋ ಬೆಚ್ಚಗೆ ಮಿಸುಕಿತು. ಜೇಬಿನೊಳಗಿಂದ ಗೊರಗೊರ ಸದ್ದು. ಚಿತ್ರ ಹೊರತೆಗೆದ. ಬಣ್ಣ ಮೂಡಿತ್ತು. ಮಗುವಿನ ಬಾಯಿ ತೆರೆದಿತ್ತು. ತೆಗೆಯುವಾಗ ಅದು ಮುಚ್ಚಿತ್ತು. ಹಾಳೆಯ ಒಳಮೈಗೆ ಉಸಿರಿನ ಹಬೆ ಹತ್ತಿತು. ಆರಿತು. ಮತ್ತೆ ಹತ್ತಿತು.

ಮುಂದಿನ ನಿಲ್ದಾಣ ಡೊಂಬಿವಲಿಯಲ್ಲಿ ಧುಮುಕಿ ಎದುರು ಗಾಡಿ ಹಿಡಿದ.

ಖೋಲಿಯಲ್ಲಿ ಅನಸೂಯಾ ತಂದೆ ಸೈದಪ್ಪನ ತೊಡೆಯ ಮೇಲೆ ನೀಲಿಗಟ್ಟಿ ಬಿದ್ದಿದ್ದಳು. ಸೃಜನ್ ಚಿತ್ರವನ್ನು ಅವಳ ಎದೆಯ ಮೇಲಿಟ್ಟ. ಉಸಿರು ಬರಲಿಲ್ಲ.

"ಒಮ್ಮೆ ಹೊಸ್ತಿಲು ದಾಟಿ ಹೋತಲ್ರೀ. ಬದಲಿಗಿ ಹೊರಗಿನವರದೊಂದು ಮುಖ ಒಳಗ ಉಳೀಬೇಕು," ಎಂದಳು ತಾಯಿ. ಅವಳ ಕಣ್ಣಲ್ಲಿ ನೀರಿರಲಿಲ್ಲ. "ಕೂಡ್ರಿ."

ಅವನು ಮಗುವನ್ನೊಮ್ಮೆ ನೋಡಿದ. ಕೂತ. ಸೈದಪ್ಪನ ಒರಟು ಬೆರಳು ಕ್ಯಾಮೆರಾದ ಗುಂಡಿ ಒತ್ತಿತು. ಬಿಳಿ ಹಾಳೆ ಹೊರಬಂತು. ಮಗು ಕೆಮ್ಮಿತು. ಜೋರಾಗಿ ಅತ್ತಿತು. ಸೃಜನನ ಉಸಿರು ಅರ್ಧಕ್ಕೇ ನಿಂತಿತು. ಉಳಿದರ್ಧ ಆ ಹಾಳೆಯೊಳಗೆ ಹಬೆಯಾಡುತ್ತಿತ್ತು.

"ಅಮ್ಮ... ಅದನ್ನ ಯಾರಿಗೂ ಕೊಡಬೇಡಿ. ಹೊರಗೆ ಒಯ್ಯಬೇಡಿ."

ಶರಣಬಸಮ್ಮ ಅವನ ಚಿತ್ರವನ್ನು ಬಹಳ ಹೊತ್ತು ನೋಡಿದಳು.

"ಇನ್ನ ನಮ್ಮನ್ನ ನಂಬಿ ಬದುಕ್ರಿ ಸಾಹೇಬ್ರ," ಎಂದು ಅವನನ್ನು ಹೊರಗೆ ಕಳಿಸಿ ಬಾಗಿಲು ಮುಚ್ಚಿಕೊಂಡಳು.